ಬಿಸಿಲಿನ ನಕಾಶೆ: ಬಿಡದಿಯನ್ನು ತಂಪಾಗಿ ಕಟ್ಟಲು ಉಪಗ್ರಹ ಕಲಿಸುವ ಪಾಠ

ಬೇಸಿಗೆಯಲ್ಲಿ ಪತ್ರಿಕೆ ತೆರೆದರೆ ಊರಿಗೊಂದು ತಾಪಮಾನ ಇರುತ್ತದೆ. ಇಂದು 35 ಡಿಗ್ರಿ, ನಾಳೆ 36 ಡಿಗ್ರಿ. ಆದರೆ ಒಂದೇ ಊರಿನಲ್ಲಿ, ಒಂದೇ ಮಧ್ಯಾಹ್ನ, ಹುಣಸೆ ಮರದ ಕೆಳಗೆ ಕುಳಿತವರ ಬಿಸಿ ಬೇರೆ, ಸಿಮೆಂಟ್ ಶೀಟಿನ ಮನೆಯೊಳಗೆ ಒಲೆಯ ಮುಂದೆ ನಿಂತ ಗೃಹಿಣಿಯ ಬಿಸಿ ಬೇರೆ. ಆರೋಗ್ಯವನ್ನು ಕೆಡಿಸುವುದು ಪತ್ರಿಕೆಯಲ್ಲಿನ ಅಂಕಿಯಲ್ಲ. ನಾವು ವಾಸಿಸುವ ಗಲ್ಲಿಯ, ಮಲಗುವ ಕೋಣೆಯ ಬಿಸಿ.

ಊರಿನ ಯಾವ ಭಾಗ ಎಷ್ಟು ಕಾಯುತ್ತದೆ ಎಂಬುದನ್ನು ಇಂದು ಉಪಗ್ರಹದ ಚಿತ್ರಗಳಿಂದ ನಕಾಶೆಯಾಗಿ ಬರೆಯಬಹುದು. ಎಲ್ಲಿ ಮರ ನೆಡಬೇಕು, ಯಾವ ಕೆರೆಯನ್ನು ಮುಟ್ಟಬಾರದು, ಯಾವ ಬಡಾವಣೆಯ ಮಾಳಿಗೆಗಳಿಗೆ ಮೊದಲು ಬಿಳಿ ಬಳಿಯಬೇಕು ಎಂದು ತೀರ್ಮಾನಿಸಲು ಹಲವು ನಗರಗಳು ಇದನ್ನು ಬಳಸುತ್ತಿವೆ. ವೇಗವಾಗಿ ಬೆಳೆಯುತ್ತಿರುವ ಬಿಡದಿಯಂಥ ಊರಿಗೆ ಈ ವಿದ್ಯೆ ಏಕೆ ಮುಖ್ಯ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಲ್ಲಿ ತಿಳಿಯೋಣ.

ಊರು ಏಕೆ ಕಾಯುತ್ತದೆ?

ಮರ ಎರಡು ರೀತಿಯಲ್ಲಿ ತಂಪು ಕೊಡುತ್ತದೆ. ಒಂದು, ಬಿಸಿಲು ನೆಲಕ್ಕೆ ಬೀಳದಂತೆ ತಡೆಯುವ ನೆರಳು. ಇನ್ನೊಂದು, ಬೇರಿನಿಂದ ಎಳೆದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುವುದು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗಿರುವುದೂ ಇದೇ ಕಾರಣಕ್ಕೆ.

ಕಾಂಕ್ರೀಟು, ಡಾಂಬರು, ತಗಡು ಇದಕ್ಕೆ ವಿರುದ್ಧ. ಹಗಲಿಡೀ ಶಾಖವನ್ನು ಕುಡಿದ ಕಾಂಕ್ರೀಟು ಮತ್ತು ಡಾಂಬರು ಅದನ್ನು ರಾತ್ರಿ ನಿಧಾನವಾಗಿ ಹೊರಗೆ ಬಿಡುತ್ತವೆ. ಒತ್ತೊತ್ತಾಗಿ ಮನೆಗಳಿರುವ ಕಡೆ ಆ ಶಾಖ ಹೊರಹೋಗಲು ದಾರಿಯಿರುವುದಿಲ್ಲ. ವಾಹನ, ಕಾರ್ಖಾನೆ, ಎ.ಸಿ. ಯಂತ್ರಗಳ ಬಿಸಿಯೂ ಇದಕ್ಕೆ ಸೇರುತ್ತದೆ. ಹೀಗೆ ಸುತ್ತಲಿನ ಹಸಿರು ಹಳ್ಳಿಗಿಂತ ಪಟ್ಟಣ ಹೆಚ್ಚು ಬಿಸಿಯಾಗಿ ಉಳಿಯುವುದನ್ನು ವಿಜ್ಞಾನಿಗಳು ‘ನಗರ ಉಷ್ಣದ್ವೀಪ’ ಎನ್ನುತ್ತಾರೆ.

ವೈದ್ಯರು ಹಗಲಿನ ಬಿಸಿಯಷ್ಟೇ ರಾತ್ರಿಯ ಬಿಸಿಗೂ ಗಮನ ಕೊಡಲು ಹೇಳುತ್ತಾರೆ. ಹಗಲು ದಣಿದ ದೇಹ ರಾತ್ರಿಯ ತಂಪಿನಲ್ಲಿ ಸುಧಾರಿಸಿಕೊಳ್ಳಬೇಕು. ಆ ವಿಶ್ರಾಂತಿ ಸಿಗದಿದ್ದರೆ ಹೃದಯ ಮತ್ತು ಮೂತ್ರಪಿಂಡಗಳ ಮೇಲೆ ಒತ್ತಡ ಮುಂದುವರಿಯುತ್ತದೆ. ವೃದ್ಧರು, ಹಸುಗೂಸುಗಳು, ಗರ್ಭಿಣಿಯರು, ಮಧುಮೇಹಿಗಳು ಮತ್ತು ರಕ್ತದೊತ್ತಡ ಇರುವವರಿಗೆ ಇದು ಹೆಚ್ಚು ಅಪಾಯ.

ಉಪಗ್ರಹ ಬಿಸಿಯನ್ನು ಹೇಗೆ ನೋಡುತ್ತದೆ?

ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಹೊರಸೂಸುತ್ತದೆ. ಕಾದ ಹಂಚಿನ ಮೇಲೆ ಅಂಗೈ ಹಿಡಿದರೆ ಮುಟ್ಟದೆಯೇ ಬಿಸಿ ತಿಳಿಯುತ್ತದಲ್ಲವೇ? ಉಪಗ್ರಹದ ಉಪಕರಣವೂ ನೂರಾರು ಕಿಲೋಮೀಟರ್ ಎತ್ತರದಿಂದ ಇದೇ ಕಿರಣಗಳನ್ನು ಅಳೆಯುತ್ತದೆ. ಅದರಿಂದ ರಸ್ತೆ, ಮಾಳಿಗೆ, ಹೊಲ, ಕೆರೆಗಳ ಮೇಲ್ಮೈಯ ತಾಪಮಾನವನ್ನು ಲೆಕ್ಕ ಹಾಕುತ್ತಾರೆ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವುದು ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು. ಮೊದಲನೆಯದು 1972ರಲ್ಲಿ ಹಾರಿತು. ಈಗ 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-8 ಮತ್ತು 2021ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-9 ಸೇರಿ ಎಂಟು ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ತೆಗೆಯುತ್ತವೆ. 2008ರಿಂದ ಇವುಗಳ ಚಿತ್ರಗಳು ಎಲ್ಲರಿಗೂ ಉಚಿತ.

ಹಸಿರನ್ನು ಅಳೆಯುವ ವಿಧಾನ ಬೇರೆ. ಆರೋಗ್ಯವಂತ ಎಲೆ ತನ್ನ ಆಹಾರ ತಯಾರಿಕೆಗೆ ಕೆಂಪು ಬೆಳಕನ್ನು ಹೀರುತ್ತದೆ. ಅವಗೆಂಪು ಕಿರಣಗಳ ಒಂದು ಭಾಗವನ್ನು ಬಲವಾಗಿ ವಾಪಸು ಕಳಿಸುತ್ತದೆ. ಈ ಎರಡರ ಅಂತರದಿಂದ ಎಲ್ಲಿ ಎಷ್ಟು ಹಸಿರಿದೆ ಎಂದು ತಿಳಿಯುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಅಗಲದ ತುಂಡುಗಳವರೆಗೆ ಹಸಿರನ್ನು ಗುರುತಿಸುತ್ತವೆ. ಅಂದರೆ ಒಂದು ದೊಡ್ಡ ಆಲದ ಮರವೂ ಲೆಕ್ಕಕ್ಕೆ ಸಿಗುತ್ತದೆ.

ನಮ್ಮ ದೇಶವೂ ಇದರಲ್ಲಿ ಹಿಂದಿಲ್ಲ. ಇಸ್ರೋದ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರಲ್ಲಿ ಹಾರಿತು. ಇಸ್ರೋದ ‘ಭುವನ್’ ನಕಾಶೆ ಸೇವೆ 2009ರಿಂದ ಇದೆ. ರಾಜ್ಯದಲ್ಲಿ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವಿದೆ. ರೈತರು ಸರ್ವೆ ನಂಬರ್ ನೋಡಲು ಬಳಸುವ ‘ದಿಶಾಂಕ್’ ಆ್ಯಪ್ ತಯಾರಿಸಿದ್ದು ಇದೇ ಕೇಂದ್ರ.

ಪಕ್ಕದ ಬೆಂಗಳೂರು ಹೇಳುವ ಕಥೆ

ಬಿಡದಿಯಿಂದ ಮೂವತ್ತು-ಮೂವತ್ತೈದು ಕಿಲೋಮೀಟರ್ ದೂರದ ಬೆಂಗಳೂರು, ನಾಳೆ ನಮ್ಮ ಊರು ಏನಾಗಬಹುದು ಎಂಬುದಕ್ಕೆ ಕನ್ನಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಹೋಲಿಸಿತು. 1973ರಲ್ಲಿ ನಗರದ ಸುಮಾರು 68 ಶೇಕಡಾ ಭಾಗದಲ್ಲಿ ಹಸಿರಿತ್ತು. ಕಟ್ಟಡ-ರಸ್ತೆಗಳು ಇದ್ದದ್ದು ಸುಮಾರು 8 ಶೇಕಡಾ. 2010ರ ಹೊತ್ತಿಗೆ ಕಟ್ಟಡಗಳ ಪಾಲು 54 ಶೇಕಡಾ ದಾಟಿತು, ಹಸಿರು ಸುಮಾರು 23 ಶೇಕಡಾಕ್ಕೆ ಇಳಿಯಿತು. ನೀರಿನ ಪ್ರದೇಶ ಸುಮಾರು 3.4 ಶೇಕಡಾದಿಂದ ಒಂದು ಶೇಕಡಾಕ್ಕಿಂತಲೂ ಕಡಿಮೆಯಾಯಿತು.

2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ. ಒಂದು ಕಾಲಕ್ಕೆ ಫ್ಯಾನ್ ಇಲ್ಲದೆ ಬೇಸಿಗೆ ಕಳೆಯುತ್ತಿದ್ದ ಊರಿದು. ಭೂಮಿಯೇ ಬಿಸಿಯಾಗುತ್ತಿರುವುದು ಇದಕ್ಕೆ ಒಂದು ಕಾರಣ. ಆ ಬಿಸಿಯನ್ನು ತಡೆಯಬೇಕಾದ ಮರ ಮತ್ತು ಕೆರೆಗಳನ್ನು ನಾವೇ ಕಳೆದುಕೊಂಡದ್ದು ಇನ್ನೊಂದು.

ಮರದಿಂದ ಎಷ್ಟು ವ್ಯತ್ಯಾಸವಾಗುತ್ತದೆ? ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ಕಡೆ ಮಧ್ಯಾಹ್ನದ ಗಾಳಿ ಮರಗಳಿಲ್ಲದ ಕಡೆಗಿಂತ 5.6 ಡಿಗ್ರಿಯವರೆಗೆ ತಂಪಾಗಿತ್ತು. ಡಾಂಬರು ರಸ್ತೆಯ ಮೇಲ್ಮೈಯಂತೂ 27 ಡಿಗ್ರಿಗೂ ಹೆಚ್ಚು ತಂಪು. ಚಪ್ಪಲಿಯಿಲ್ಲದೆ ಆಡುವ ಮಗುವಿಗೆ, ತಳ್ಳುಗಾಡಿಯ ವ್ಯಾಪಾರಿಗೆ ಈ ಅಂತರ ಎಷ್ಟು ದೊಡ್ಡದು ಎಂದು ಹೇಳಬೇಕಾಗಿಲ್ಲ.

ನಕಾಶೆಯನ್ನು ಓದುವಾಗ ಎಚ್ಚರ

ಬಿಸಿಲಿನ ನಕಾಶೆಯಲ್ಲಿ ಕೆಂಪು ಕಂಡದ್ದೆಲ್ಲ ಅಪಾಯ, ಹಸಿರು ಕಂಡದ್ದೆಲ್ಲ ಒಳ್ಳೆಯದು ಎಂದು ತಿಳಿದರೆ ಮೋಸ ಹೋಗುತ್ತೇವೆ. ನಾಲ್ಕು ಮಾತು ನೆನಪಿಡಬೇಕು.

ಒಂದು, ಉಪಗ್ರಹ ಅಳೆಯುವುದು ಮಾಳಿಗೆ ಮತ್ತು ನೆಲದ ಬಿಸಿಯನ್ನು. ನಾವು ಉಸಿರಾಡುವ ಗಾಳಿಯ ಬಿಸಿಯನ್ನಲ್ಲ, ಮನೆಯೊಳಗಿನ ಸೆಕೆಯನ್ನಂತೂ ಅಲ್ಲವೇ ಅಲ್ಲ. ನಮ್ಮ ಜಿಲ್ಲೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯನ್ನೇ ನಂಬಿದ ಮುಸ್ಲಿಂ ಕುಟುಂಬಗಳು ಬಹಳ. ಕುದಿಯುವ ನೀರಿನಲ್ಲಿ ಗೂಡು ಬೇಯಿಸುವ ಶೆಡ್ಡಿನೊಳಗಿನ ಬಿಸಿ ಮತ್ತು ಹಬೆ ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಬೆವರು ಆರಲು ಬಿಡದ ಹಬೆ ಒಣ ಬಿಸಿಲಿಗಿಂತ ಹೆಚ್ಚು ಹಾನಿಕರ.

ಎರಡು, ಲ್ಯಾಂಡ್‌ಸ್ಯಾಟ್ ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ. ಮಾರ್ಚ್-ಏಪ್ರಿಲ್‌ನಲ್ಲಿ ಆ ಹೊತ್ತಿಗೆ ಉತ್ತಿಟ್ಟ ಬರಿಹೊಲ, ರಾಮನಗರದ ಸುತ್ತಲಿನ ಬೋಳು ಬಂಡೆಗಳು ಊರಿಗಿಂತ ಹೆಚ್ಚು ಬಿಸಿಯಾಗಿ ಕಾಣಬಹುದು. ಅದನ್ನು ನೋಡಿ ‘ಹಳ್ಳಿಗಿಂತ ಪೇಟೆಯೇ ತಂಪು’ ಎಂದರೆ ತಪ್ಪಾಗುತ್ತದೆ. ಹೊಲ ಸಂಜೆಯಾದೊಡನೆ ಆರುತ್ತದೆ. ಕಾಂಕ್ರೀಟಿನ ಪೇಟೆ ಆರುವುದಿಲ್ಲ. ಆದ್ದರಿಂದ ರಾತ್ರಿ ಚಿತ್ರ ತೆಗೆಯುವ ಉಪಗ್ರಹಗಳ ಮಾಹಿತಿಯನ್ನೂ ಸೇರಿಸಿ ನೋಡಬೇಕು.

ಮೂರು, ಲ್ಯಾಂಡ್‌ಸ್ಯಾಟ್‌ನ ಶಾಖದ ಅಳತೆ ಸುಮಾರು 100 ಮೀಟರ್ ಉದ್ದಗಲದ ಚೌಕದ್ದು. ಅಂದರೆ ಎರಡೂವರೆ ಎಕರೆಗೆ ಒಂದೇ ಅಂಕಿ. ಮಸೀದಿಯ ಬಿಳಿ ಮಾಳಿಗೆ, ಪಕ್ಕದ ತಗಡಿನ ಗೋದಾಮು, ನಡುವಿನ ಇಪ್ಪತ್ತು ಶೀಟ್ ಮನೆಗಳು ಎಲ್ಲವೂ ಒಂದೇ ಚೌಕದಲ್ಲಿ ಬೆರೆತುಹೋಗುತ್ತವೆ.

ನಾಲ್ಕು, ಕೊಳಚೆ ಸೇರಿದ ಕೆರೆಯ ಮೇಲೆ ಹಬ್ಬುವ ಅಂತರಗಂಗೆಯೂ ಉಪಗ್ರಹಕ್ಕೆ ಸೊಗಸಾದ ಹಸಿರಾಗಿಯೇ ಕಾಣುತ್ತದೆ. ನೆರಳು ಕೊಡುವ ಹಸಿರು ಯಾವುದು, ಸೊಳ್ಳೆ ಸಾಕುವ ಹಸಿರು ಯಾವುದು ಎಂದು ಹೇಳಬಲ್ಲವರು ಅಲ್ಲಿ ವಾಸಿಸುವವರೇ.

ಹಾಗಾಗಿ ಉಪಗ್ರಹದ ನಕಾಶೆ ಅರ್ಧ ಕೆಲಸ. ಉಳಿದ ಅರ್ಧವನ್ನು ಗಲ್ಲಿಯಲ್ಲಿ ನಡೆದು ತುಂಬಬೇಕು.

ಬಿಡದಿಗೆ ಈಗಲೇ ಏಕೆ?

ಬಿಡದಿ ಈಗ ಬರೀ ತಟ್ಟೆ ಇಡ್ಲಿಯ ಊರಲ್ಲ. ಟೊಯೋಟಾ ಸೇರಿದಂತೆ ದೊಡ್ಡ ಕಾರ್ಖಾನೆಗಳ ಕೈಗಾರಿಕಾ ಪ್ರದೇಶ ಇಲ್ಲಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಬಡಾವಣೆಗಳು ಏಳುತ್ತಲೇ ಇವೆ. ಗ್ರೇಟರ್ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಇಲ್ಲಿ ದೊಡ್ಡ ಟೌನ್‌ಷಿಪ್ ಕಟ್ಟಲು 2025ರ ಮಾರ್ಚ್‌ನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಬೈರಮಂಗಲ, ಬನ್ನಿಗೆರೆ, ಹೊಸೂರು, ಕಂಚುಗಾರನಹಳ್ಳಿ, ಅರಳಾಳುಸಂದ್ರ, ಮಂಡಲಹಳ್ಳಿ ಮೊದಲಾದ ಗ್ರಾಮಗಳ ಎಂಟು ಸಾವಿರಕ್ಕೂ ಹೆಚ್ಚು ಎಕರೆ ಇದರ ವ್ಯಾಪ್ತಿಯಲ್ಲಿದೆ. ಭೂಮಿ ಬಿಡಲೊಲ್ಲದ ರೈತರು ವಿರೋಧಿಸುತ್ತಿದ್ದಾರೆ.

ಭೂಮಿ ಯಾರದಾಗಬೇಕು ಎಂಬ ಪ್ರಶ್ನೆ ಈ ಪುಟದ್ದಲ್ಲ. ಆದರೆ ಆರೋಗ್ಯದ ದೃಷ್ಟಿಯಿಂದ ಒಂದು ಮಾತು ಹೇಳಲೇಬೇಕು. ಇಂದು ಆ ಹಳ್ಳಿಗಳಲ್ಲಿರುವ ತೆಂಗಿನ ತೋಟ, ಹಿಪ್ಪುನೇರಳೆ, ಮಾವು, ಕೆರೆ, ಹಳ್ಳ ಇವೆಲ್ಲ ಬಿಡದಿ ಪೇಟೆಯ ತಂಪಿನ ಉಗ್ರಾಣ. ಕಟ್ಟಡ ಎದ್ದ ಮೇಲೆ ಮರ ನೆಡಲು ಜಾಗ ಹುಡುಕುವುದು ಬೆಂಗಳೂರು ಅನುಭವಿಸುತ್ತಿರುವ ಕಷ್ಟ. ಕಟ್ಟುವ ಮೊದಲೇ ನಕಾಶೆ ಹಾಸಿ, ‘ಇದು ಕೆರೆ, ಇದು ಕಾಲುವೆ, ಇದು ಮರಗಳ ಸಾಲು, ಇವನ್ನು ಮುಟ್ಟುವಂತಿಲ್ಲ’ ಎಂದು ಗೆರೆ ಎಳೆಯುವ ಅವಕಾಶ ಬಿಡದಿಗೆ ಇನ್ನೂ ಇದೆ.

ಬೈರಮಂಗಲ ಕೆರೆಯನ್ನೇ ನೋಡಿ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಈ ಕೆರೆಗೆ ಸೇರುತ್ತದೆ. ನೊರೆ ಮತ್ತು ದುರ್ವಾಸನೆಗೆ ಸುತ್ತಲಿನ ಜನ ವರ್ಷಗಳಿಂದ ನಲುಗಿದ್ದಾರೆ. ಕೊಳಕಾಗಿದೆ ಎಂಬ ಕಾರಣಕ್ಕೆ ಕೆರೆಯನ್ನು ಕೈಬಿಟ್ಟರೆ ಊರಿನ ದೊಡ್ಡ ತಂಪುಗಾರನನ್ನೇ ಕಳೆದುಕೊಂಡಂತೆ. ಅದನ್ನು ಶುದ್ಧಗೊಳಿಸಿ ಉಳಿಸಿಕೊಂಡರೆ ತಂಪೂ ಸಿಗುತ್ತದೆ, ಅಂತರ್ಜಲವೂ ಸುಧಾರಿಸುತ್ತದೆ.

ನಕಾಶೆಯಿಂದ ಕೆಲಸಕ್ಕೆ

ನಗರ ಯೋಜಕರು ಒಂದರ ಮೇಲೊಂದು ಪಾರದರ್ಶಕ ಹಾಳೆ ಇಟ್ಟಂತೆ ನಕಾಶೆಗಳನ್ನು ಜೋಡಿಸುತ್ತಾರೆ. ಮೊದಲ ಹಾಳೆ ಬಿಸಿಯದು. ಎರಡನೆಯದು ಹಸಿರಿನದು. ಮೂರನೆಯದು ಕೆರೆ ಮತ್ತು ರಾಜಕಾಲುವೆಗಳದು. ನಾಲ್ಕನೆಯದರಲ್ಲಿ ಜನಸಂಖ್ಯೆ, ಶೀಟ್ ಮನೆಗಳು, ಶಾಲೆ, ಅಂಗನವಾಡಿ, ಆಸ್ಪತ್ರೆ. ಬಿಸಿ ಹೆಚ್ಚು, ಮರ ಕಡಿಮೆ, ಜನ ಹೆಚ್ಚು, ಶೀಟ್ ಮನೆ ಹೆಚ್ಚು ಇರುವ ಜಾಗ ಯಾವುದೋ ಅಲ್ಲಿಗೆ ಮೊದಲ ಸಸಿ, ಮೊದಲ ಕುಡಿಯುವ ನೀರಿನ ತೊಟ್ಟಿ, ಮೊದಲ ಬಿಳಿ ಮಾಳಿಗೆ ಹೋಗಬೇಕು. ನಕಾಶೆ ಇಲ್ಲದಿದ್ದರೆ ಸಸಿಗಳು ಸಾಮಾನ್ಯವಾಗಿ ಈಗಾಗಲೇ ಮರಗಳಿರುವ, ಅಗಲ ರಸ್ತೆಯ ಬಡಾವಣೆಗೇ ಹೋಗುತ್ತವೆ.

ಅಹಮದಾಬಾದ್ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಭಾರೀ ಬೆಲೆ ತೆತ್ತಿತು. ಆ ತಿಂಗಳು ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ನಿರ್ವಹಣಾ ಯೋಜನೆ ರೂಪಿಸಿತು. ಮುನ್ಸೂಚನೆ, ಆಸ್ಪತ್ರೆಗಳ ಸಿದ್ಧತೆ, ಬಡವರ ಮಾಳಿಗೆಗಳಿಗೆ ಬಿಳಿ ಲೇಪನ ಇವೆಲ್ಲ ಆ ಊರಿನ ಕ್ರಮಗಳು. ಕೊಲಂಬಿಯಾ ದೇಶದ ಮೆಡೆಲಿನ್ ನಗರ ರಸ್ತೆ ಮತ್ತು ಹಳ್ಳಗಳ ಉದ್ದಕ್ಕೂ 30 ಹಸಿರು ದಾರಿಗಳನ್ನು ಬೆಳೆಸಿತು. ಅಲ್ಲಿ ತಾಪಮಾನ ಸುಮಾರು 2 ಡಿಗ್ರಿ ಇಳಿದಿದೆ ಎಂದು ಆ ನಗರ ಹೇಳುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆ ನೀತಿಯನ್ನೇ ತಂದಿದೆ.

ಅಳತೆಗೋಲಾಗಿ ಒಂದು ಸರಳ ಸೂತ್ರವಿದೆ: 3-30-300. ಪ್ರತಿ ಮನೆಯಿಂದ ಕನಿಷ್ಠ 3 ಮರ ಕಾಣಬೇಕು. ಪ್ರತಿ ಬಡಾವಣೆಯ 30 ಶೇಕಡಾ ಭಾಗಕ್ಕೆ ಮರದ ನೆರಳಿರಬೇಕು. ಪ್ರತಿ ಮನೆಯಿಂದ 300 ಮೀಟರ್ ಒಳಗೆ ಒಂದು ಹಸಿರು ತಾಣ ಇರಬೇಕು. ನಿಮ್ಮ ಮನೆ ಬಾಗಿಲಲ್ಲಿ ನಿಂತು ಈ ಮೂರನ್ನು ಈಗಲೇ ಲೆಕ್ಕ ಹಾಕಿ ನೋಡಿ.

ಮೊಹಲ್ಲಾದಲ್ಲಿ ಮಾಡಬಹುದಾದದ್ದು

ಗಲ್ಲಿಯ ನಕಾಶೆ ಬರೆಯಿರಿ. ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರಿಗೆ ಇದು ಒಂದು ಭಾನುವಾರದ ಕೆಲಸ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಹಿಂದಿನ ವರ್ಷಗಳ ಚಿತ್ರಗಳೂ ಸಿಗುತ್ತವೆ. ಅಂದು ಎಲ್ಲಿ ಮರ, ಎಲ್ಲಿ ಕುಂಟೆ ಇತ್ತು ಎಂದು ಹೋಲಿಸಿ. ನಂತರ ಗಲ್ಲಿಯಲ್ಲಿ ನಡೆದು ನೆರಳಿರುವ ಜಾಗ, ಶೀಟ್ ಮನೆಗಳು, ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು, ಕುಡಿಯುವ ನೀರು ಸಿಗುವ ಸ್ಥಳ ಇವನ್ನು ಗುರುತಿಸಿ. ಮಧ್ಯಾಹ್ನ ಮೂರು ಮತ್ತು ರಾತ್ರಿ ಹತ್ತಕ್ಕೆ ಕೆಲವು ಮನೆಗಳ ಒಳಗಿನ ತಾಪಮಾನವನ್ನು ಸಾಧಾರಣ ಥರ್ಮಾಮೀಟರಿನಿಂದ ಬರೆದಿಟ್ಟುಕೊಳ್ಳಿ. ಈ ಹಾಳೆಯನ್ನು ಅರ್ಜಿಯ ಜೊತೆ ಪುರಸಭೆಗೆ ಕೊಟ್ಟರೆ ಬರೀ ಬಾಯಿಮಾತಿಗಿಂತ ಹೆಚ್ಚು ತೂಕ. ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಸಲ್ಲಿಸಲು ಸಾರ್ವಜನಿಕರಿಗೆ ಹಕ್ಕಿದೆ. ಆ ಅವಧಿಯನ್ನು ಕಳೆದುಕೊಳ್ಳಬೇಡಿ.

ಖಬರಸ್ಥಾನದ ಮರಗಳನ್ನು ಕಾಪಾಡಿ. ಪೇಟೆಯ ಉಪಗ್ರಹ ಚಿತ್ರದಲ್ಲಿ ಮನೆಗಳ ನಡುವೆ ಹಸಿರು ತುಂಡುಗಳಾಗಿ ಕಾಣುವುದರಲ್ಲಿ ಖಬರಸ್ಥಾನಗಳೂ ಸೇರಿವೆ. ಕಾಂಪೌಂಡಿನ ಉದ್ದಕ್ಕೂ ಹೊಂಗೆ, ಬೇವು, ನೇರಳೆ ನೆಟ್ಟರೆ ಸುತ್ತಲಿನ ಮನೆಗಳಿಗೂ ತಂಪು.

ವುಝೂ ನೀರನ್ನು ಮರಕ್ಕೆ ತಿರುಗಿಸಿ. ಇದರಲ್ಲಿ ಸೋಪು ಇರುವುದಿಲ್ಲವಾದ್ದರಿಂದ ಮರಗಳಿಗೆ ಹಾನಿಯಿಲ್ಲ. ಆದರೆ ಗುಂಡಿಯಲ್ಲಿ ನಿಲ್ಲಲು ಬಿಡದೆ ನೇರವಾಗಿ ಮಣ್ಣಿಗೆ ಇಂಗುವಂತೆ ಪೈಪು ಹಾಕಬೇಕು. ನಿಂತ ನೀರಿನಲ್ಲಿ ಒಂದೇ ವಾರದಲ್ಲಿ ಡೆಂಗಿ ಹರಡುವ ಸೊಳ್ಳೆ ಬೆಳೆಯುತ್ತದೆ.

ಮಾಳಿಗೆಗೆ ಸುಣ್ಣ ಬಳಿಯಿರಿ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಫೆಬ್ರವರಿ ಮುಗಿಯುವುದರೊಳಗೆ ಎರಡು ಕೋಟು ಬಳಿದರೆ ಮನೆಯೊಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಮತ್ತೆ ಬಳಿಯಬೇಕು. ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಡಬೇಡಿ, ಮುರಿದು ಬೀಳುವ ಅಪಾಯವಿದೆ. ಹಲಗೆ ಹಾಕಿಕೊಂಡು, ಇಬ್ಬರಾದರೂ ಇದ್ದು ಕೆಲಸ ಮಾಡಿ. ಹಳೆಯ ಶೀಟುಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಣಗಿರುವಾಗ ಉಜ್ಜಿ ಕೆರೆಯಬಾರದು.

ಬಿಸಿಲಾಘಾತವನ್ನು ಗುರುತಿಸಿ

ಮರ ಬೆಳೆಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಪ್ರತಿ ಮನೆಯವರೂ ಇಷ್ಟನ್ನು ತಿಳಿದಿರಬೇಕು. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ಅತಿಯಾದ ಬೆವರು, ಗಾಢ ಹಳದಿ ಮೂತ್ರ ಇವು ಮೊದಲ ಎಚ್ಚರಿಕೆ. ತಕ್ಷಣ ನೆರಳಿಗೆ ಬಂದು ಓ.ಆರ್.ಎಸ್., ಮಜ್ಜಿಗೆ, ಉಪ್ಪು-ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿಯಬೇಕು. ಮಧುಮೇಹ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪು, ಸಕ್ಕರೆ, ನೀರು ಎಷ್ಟಿರಬೇಕು ಎಂದು ಬೇಸಿಗೆಗೆ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಲಿ.

ಮೈ ಸುಡುತ್ತಿದ್ದು ಮಾತು ತೊದಲಿದರೆ, ಗೊಂದಲವಾದರೆ, ಫಿಟ್ಸ್ ಬಂದರೆ ಅಥವಾ ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ಬೆವರು ನಿಂತಿರಲೇಬೇಕೆಂದಿಲ್ಲ. ಕೂಡಲೇ 108ಕ್ಕೆ ಕರೆ ಮಾಡಿ. ಆ್ಯಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ. ನೆರಳಿಗೆ ತನ್ನಿ, ಬಿಗಿ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ತಣ್ಣೀರಿನ ಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಕೋಣೆಯ ಬಿಸಿ 40 ಡಿಗ್ರಿ ದಾಟಿದ್ದರೆ ಫ್ಯಾನಿನ ಒಣ ಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತದೆ ಎಂಬುದೂ ನೆನಪಿರಲಿ.

ಬೈರಮಂಗಲದಿಂದ ಬಿಡದಿ ಪೇಟೆಯವರೆಗೆ ಎಷ್ಟು ಹಸಿರು ಉಳಿಯುತ್ತದೆ ಎಂಬುದು ಮುಂದಿನ ಕೆಲವೇ ವರ್ಷಗಳಲ್ಲಿ ತೀರ್ಮಾನವಾಗಲಿದೆ. ಉಪಗ್ರಹ ಎಂಟು ದಿನಕ್ಕೊಮ್ಮೆ ಹಾದುಹೋಗಿ ಅದನ್ನು ದಾಖಲಿಸುತ್ತದೆ ಅಷ್ಟೇ, ತಡೆಯುವುದಿಲ್ಲ. ಆ ದಾಖಲೆಯನ್ನು ಕೈಯಲ್ಲಿ ಹಿಡಿದು ಪುರಸಭೆಯಲ್ಲಿ, ಪ್ರಾಧಿಕಾರದ ಸಭೆಯಲ್ಲಿ ಕೇಳಬೇಕಾದವರು ಇಲ್ಲಿಯ ನಿವಾಸಿಗಳು. ಈ ಮಳೆಗಾಲ ಬರುವ ಮೊದಲು ನಿಮ್ಮ ಗಲ್ಲಿಯ ನಕಾಶೆ ಸಿದ್ಧವಾದರೆ, ಸಸಿ ನೆಡಲು ಸರಿಯಾದ ಜಾಗವೂ ಅದರಲ್ಲೇ ಸಿಗುತ್ತದೆ.